ಕುಣಿಯುವ ಕುದುರೆಗೆ ಅತ್ತೆಯ ಕೈ

ನಮ್ಮ ಯಜಮಾನರಿಗೆ ಇಬ್ಬರು ಹೆಂಡಿರೆಂದು ಮಸ್ಕಿಯ ನನ್ನ ತವರಿನವರು ನಗುತ್ತಿದ್ದರು. ಒಬ್ಬಳು ನಾನು. ಇನ್ನೊಬ್ಬಳು ಲಿಂಗಸುಗೂರಿನ ನಮ್ಮ ಹಿತ್ತಲಿನಲ್ಲಿದ್ದ ಬಿಳಿ ಹೆಣ್ಣುಗುದುರೆ. ಹಲಗೆ ವಾದ್ಯದ ಬಡಿತಕ್ಕೆ ಹೆಜ್ಜೆ ಹಾಕಿ ಕುಣಿಯುವ ಕುದುರೆ ಅದು. ನಿಜಾಮರ ಆ ಕಾಲದಲ್ಲಿ ಸಿಂಧನೂರಿನವರೆಗೆ ಯಾವ ದೊಡ್ಡ ಮನೆಯ ಮದುವೆಯಾದರೂ ಮದುಮಗ ಅದರ ಮೇಲೇ ಕೂರಬೇಕು. ನನ್ನ ತಾಟಿಗೆ ರೊಟ್ಟಿ ಬೀಳುವ ಮೊದಲು ಅದಕ್ಕೆ ನೆನೆಸಿದ ಕಡಲೆ ಹೋಗುತ್ತಿತ್ತು. ನನಗೆ ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ.

ನನ್ನ ಎರಡನೆಯ ಕೂಸು ಹುಟ್ಟಿ ತಿಂಗಳಾಗುವ ಹೊತ್ತಿಗೆ ಕುದುರೆ ಹಿಂದಿನ ಎಡಗಾಲು ಎಳೆಯತೊಡಗಿತು. ನಡೆದಲ್ಲೆಲ್ಲ ಗೊರಸಿನ ತುದಿ ಧೂಳಿನಲ್ಲಿ ಗೆರೆ ಕೊರೆಯುತ್ತಿತ್ತು. ಗೊರೇಬಾಳದಿಂದ ದನಗಳಿಗೆ ಬರೆ ಹಾಕುವವನನ್ನು ಕರೆಸಿದೆವು. ಅವನು ತೊಡೆ ಮುಟ್ಟಿ ನೋಡಿ, ಬರೆ ಹಾಕದೆ ಗತಿಯಿಲ್ಲವೆಂದ. ನಮ್ಮ ಕಡೆ ಬರೆ ಬಿದ್ದ ಕುದುರೆಯ ಮೇಲೆ ಮದುಮಗನನ್ನು ಕೂರಿಸುವುದಿಲ್ಲ. ಕಾಲು ನೆಟ್ಟಗಾದರೂ ಕುದುರೆ ಟಾಂಗಾ ಎಳೆಯಬೇಕಾಗುತ್ತಿತ್ತು. ಯಜಮಾನರು ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಮುಂಜಾನೆ ಹಿತ್ತಲಿನಲ್ಲಿ ಸಗಣಿ ಕುಳ್ಳಿನ ಬೆಂಕಿ ಹೊತ್ತಿತು, ಬರೆಯವನು ಸಲಾಕೆ ಕಾಯಲು ಇಟ್ಟ.

ಅತ್ತೆ ಆಗ ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಓಣಿಯ ಬಾಣಂತಿಯರಿಗೆಲ್ಲ ಆಕೆಯದೇ ಕೈ. ಹೊಗೆಯ ವಾಸನೆ ಬಂದದ್ದೇ ಎದ್ದು, ಎಣ್ಣೆಗೈಯಲ್ಲೇ ಹಿತ್ತಲಿಗೆ ನಡೆದಳು. ನಾನೂ ಸೆರಗು ಸರಿಮಾಡಿಕೊಂಡು ಹಿಂದೆ ಹೋದೆ.

ಯಜಮಾನರು ಅಡ್ಡ ಬಂದರು. "ಯವ್ವಾ, ಅದೇನು ಬಾಣಂತಿ ಅಲ್ಲ. ಒದೀತೈತಿ."

"ಬಾಣಂತ್ಯಾರೂ ಒದೀತಾರಲೇ. ಬೇಕಾದ್ರ ನಿನ್ನ ಹೇಂತಿನ್ನ ಕೇಳು."

ಅತ್ತೆ ನೋವಿನ ಕಾಲನ್ನು ಮುಟ್ಟಲೇ ಇಲ್ಲ. ಬಾಲದ ಬುಡದಿಂದ ಶುರು ಮಾಡಿ, ಬೆನ್ನೆಲುಬಿನ ಎರಡೂ ಬದಿ ಹೆಬ್ಬೆರಳು ಊರುತ್ತಾ ಮುಂದೆ ಸರಿದಳು. ಕುದುರೆ ಉಸಿರು ಬಿಟ್ಟಾಗ ಒತ್ತುವುದು, ಎಳೆದಾಗ ಸುಮ್ಮನಿರುವುದು. ಒಂದು ತಿಂಗಳು "ಸಾಕ್ರೀ ಅತ್ತಿ" ಎಂದು ಗೊಣಗುತ್ತಾ ಆ ಕೈಯ ಕೆಳಗೆ ಮಲಗಿದ್ದೆ ನಾನು. ಅದು ಒರಟು ಕೈಯೆಂದೇ ತಿಳಿದಿದ್ದೆ. ಇಂಚಿಂಚಿಗೂ ನಿಂತು ವಿಚಾರಿಸಿಕೊಂಡು ಹೋಗುವ ಕೈ ಎಂಬುದು ದೂರ ನಿಂತಾಗ ಕಂಡಿತು.

ಕಿವಿಯ ಹಿಂದೆ ಬೆರಳು ಹೋದಾಗ ಕುದುರೆ ಕಂಪಿಸಿತು. ಹಿಂದಿನ ಎಡಗಾಲು ತಾನಾಗಿ ಮೇಲೆದ್ದಿತು.

"ನೋವು ಇಲ್ಲೈತಿ, ಕಾಲಾಗಿಲ್ಲ," ಎಂದು ಅತ್ತೆ ನನ್ನನ್ನು ಕರೆದಳು. "ನೀ ಮುಟ್ಟಿ ನೋಡು ಬಾ."

ಹೆದರುತ್ತಲೇ ಮುಟ್ಟಿದೆ. ಚರ್ಮದ ಕೆಳಗೆ ಅಡಿಕೆಯಷ್ಟು ಗಟ್ಟಿಯಾದ ಗಂಟು ಸಿಕ್ಕಿತು.

ಕುಣಿಯುವ ಕುದುರೆ ತಲೆ ಎತ್ತಿಯೇ ಇರಬೇಕೆಂದು ಯಜಮಾನರು ಅದನ್ನು ಗೂಟಕ್ಕೆ ಕಟ್ಟುತ್ತಿರಲಿಲ್ಲ, ಮೇಲಿನ ತೊಲೆಗೆ ಕಟ್ಟುತ್ತಿದ್ದರು. ಕಡಲೆ, ನೀರು ಎಲ್ಲ ಗೋಡೆಯಲ್ಲಿನ ಎದೆಯೆತ್ತರದ ಗೂಡಿನಲ್ಲಿ. ಕಾಲು ಕೆಟ್ಟ ಮೇಲೆ, ಕುಣಿತದ ಠೀವಿ ಮರೆಯದಿರಲೆಂದು ಹಗ್ಗವನ್ನು ಇನ್ನೂ ಬಿಗಿದಿದ್ದರು. ಪ್ರೀತಿಯಿಂದಲೇ ಮಾಡಿದ್ದು.

"ಹಗ್ಗ ಬಿಚ್ಚು," ಎಂದಳು ಅತ್ತೆ.

ಯಜಮಾನರು ಬಿಚ್ಚಿದರು. ಅತ್ತೆ ಎರಡೂ ಅಂಗೈಗಳಲ್ಲಿ ಆ ಕತ್ತನ್ನು ಹಿಡಿದು ಬಹಳ ಹೊತ್ತು ಒತ್ತಿದಳು. ಕುದುರೆಯ ಕೆಳತುಟಿ ಜೋತುಬಿತ್ತು. ಬಾಯಿ ಅಗಲಿಸಿ ಒಂದು ಆಕಳಿಕೆ, ಮತ್ತೊಂದು. ಆಮೇಲೆ ತಲೆ ಇಳಿಯಿತು, ಇಳಿಯಿತು, ಮೂತಿ ನೆಲಕ್ಕೆ ತಾಗಿತು. ಎರಡು ವರ್ಷ ನಮ್ಮ ಮನೆಯಲ್ಲಿದ್ದ ಪ್ರಾಣಿ ನೆಲ ಮೂಸಿದ್ದನ್ನು ನಾನು ಅಂದೇ ನೋಡಿದ್ದು. ನನಗೆ ಅಳು ಬಂತು, ಸವತಿಯೆಂದು ಬೈದದ್ದೆಲ್ಲ ನೆನಪಾಯಿತು.

ಅತ್ತೆ ಅದನ್ನು ಮೆಲ್ಲಗೆ ನಡೆಸಿದಳು. ನಾಲ್ಕು ಹೆಜ್ಜೆಗೆ ಧೂಳಿನಲ್ಲಿ ಗೆರೆ ಬಿತ್ತು. ಐದನೆಯದಕ್ಕೆ ಬೀಳಲಿಲ್ಲ. ಬರೆಯವನೇ ಬಗ್ಗಿ ನೆಲ ನೋಡಿ, ಸಲಾಕೆಯನ್ನು ಬೆಂಕಿಯಿಂದ ಹೊರಗೆಳೆದ.

"ಬೆಂಕಿ ಆರಿಸಬ್ಯಾಡ್ರಿ," ಎಂದಳು ಅತ್ತೆ. "ಎಣ್ಣಿ ಕಾಸಬೇಕು. ಇನ್ನೂ ಭಾಳ ದಿನದ ಕೆಲಸ ಐತಿ."

ಯಜಮಾನರು ಗೂಡಿನಿಂದ ಕಡಲೆ ತೆಗೆದುಕೊಂಡು ನೆಲದ ಮೇಲೆ ಕೂತರು. ಬೊಗಸೆಯನ್ನು ಮಣ್ಣಿಗೆ ತಾಗಿಸಿ ಹಿಡಿದರು. ಕುದುರೆ ತಿನ್ನುತ್ತಿತ್ತು.

ಅತ್ತೆ ಒಳಗೆ ಬಂದ ಮೇಲೆ ನಾನು ಆಕೆಯ ಕೈಗೆ ಮತ್ತೆ ಬೆನ್ನು ಕೊಟ್ಟು ಕೂತೆ. ಆವತ್ತು ಸಾಕು ಅನ್ನಲಿಲ್ಲ.