ಟಚಪ್ ಅಕ್ಕನ ರಬ್ಬರು

ಮೂಲೆಯ ಫೋಟೋ ಸ್ಟುಡಿಯೋದಲ್ಲಿ ಕೂತು ಹತ್ತೊಂಬತ್ತು ವರ್ಷ ಊರವರ ಮುಖ ತಿದ್ದಿದ ಹೆಂಗಸಿಗೆ ಟಚಪ್ ಅಕ್ಕ ಅನ್ನದೆ ಇನ್ನೇನು ಅನ್ನುತ್ತಾರೆ? ಹೆತ್ತವರು ಇಟ್ಟ ಹೆಸರು ಕಾಗದ ಪತ್ರಗಳಲ್ಲಿ ತಣ್ಣಗೆ ಕೂತಿತ್ತು. ಬೀದಿಯಲ್ಲಿ, ಅಂಗಡಿಯಲ್ಲಿ, ಕೊನೆಗೆ ಬಸ್ ಓಡಿಸುವ ಸ್ವಂತ ಗಂಡನ ಬಾಯಲ್ಲೂ ಆಕೆ ಟಚಪ್ಪೇ.

ಮೊದಮೊದಲು ಕೆಲಸವೆಲ್ಲ ಕುಂಚದ್ದು. ನಾಲ್ಕು ಕೂದಲಿನ ಸಣ್ಣ ಕುಂಚ ಹಿಡಿದು, ಭೂತಗನ್ನಡಿಯ ಕೆಳಗೆ ಪ್ರಿಂಟಿನ ಮೇಲಿನ ಮೊಡವೆ, ಹೊಲಿಗೆಯ ಗುರುತು, ಕಣ್ಣಡಿಯ ಕಪ್ಪು ಎಲ್ಲವನ್ನೂ ಮಾಯ ಮಾಡುತ್ತಿದ್ದಳು. ಆಮೇಲೆ ಕಂಪ್ಯೂಟರ್ ಬಂತು, ಕುಂಚದ ಜಾಗದಲ್ಲಿ ಮೌಸು ಕೂತಿತು, ಅಳಿಸುವ ಕೆಲಸ ಮಾತ್ರ ಹಾಗೇ ಉಳಿಯಿತು. "ಸ್ವಲ್ಪ ಚೆನ್ನಾಗಿ ಕಾಣೋ ಹಾಗೆ ಮಾಡಮ್ಮ" ಎಂದು ಗಿರಾಕಿಗಳು ಹೇಳಬೇಕಾಗಿಯೂ ಇರಲಿಲ್ಲ. ಕೈ ತಾನಾಗಿಯೇ ಹೋಗುತ್ತಿತ್ತು. ತಮ್ಮ ಫೋಟೋದಲ್ಲಿ ತಮಗಿಂತ ಹತ್ತು ವರ್ಷ ಚಿಕ್ಕವರು ಯಾರನ್ನೋ ಕಂಡು ಜನ ಹಿಗ್ಗಿ ಹೋಗುತ್ತಿದ್ದರು.

ಹಿಗ್ಗದವರು ಒಬ್ಬರೇ, ಆಕೆಯ ಅತ್ತೆ. ಮುದುಕಿಯ ಗಲ್ಲದ ಮೇಲೆ ಮೆಣಸಿನ ಕಾಳಿನಷ್ಟು ದೊಡ್ಡ ಮಚ್ಚೆ. ಮದುವೆಯಾದ ಹೊಸತರಲ್ಲಿ ಸೊಸೆ ಮುದುಕಿಯ ಫೋಟೋ ತೆಗೆಸಿ, ಮಚ್ಚೆ ಅಳಿಸಿ, ಸುಕ್ಕು ಬಿಡಿಸಿ, ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದಳು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿ, "ಯಾರಮ್ಮ ಇವ್ಳು? ಬಾಯಲ್ಲಿ ಬೆರಳಿಟ್ರೂ ಕಚ್ಚಲ್ಲ ಅನ್ನೋ ಹಾಗೆ ಕೂತಿದಾಳೆ" ಎಂದಿದ್ದರು. ಅಂದಿನಿಂದ ಆ ಫೋಟೋಗೆ ಮನೆಯಲ್ಲಿ 'ಗೋಡೆಯವಳು' ಎಂದೇ ಹೆಸರು. ಸೊಸೆ ಪ್ರತಿ ಸಲ ನಕ್ಕು ಸುಮ್ಮನಾಗುತ್ತಿದ್ದಳು. ಮುದುಕಿಗೆ ಫೋಟೋ ಅಂದರೇನು ಗೊತ್ತು ಎಂಬ ಸಣ್ಣ ಬಿಗುಮಾನ ಆಕೆಗೂ ಇತ್ತು, ಯಾಕೆ ಸುಳ್ಳು ಹೇಳಬೇಕು.

ಓದುವ ಹುಚ್ಚು ಹಿಡಿಸಿದ್ದು ಶಾಲೆಯ ಗ್ರೂಪ್ ಫೋಟೋ. ಒಂದು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಮಾಲೀಕರ ಜೊತೆ ಹೋದವಳು, ಬೆಂಚು ಹುಡುಕುತ್ತ ಹಿಂದಿನ ಕೋಣೆಯ ಬಾಗಿಲು ತಳ್ಳಿದಳು. ಒಳಗೆ ಉದ್ದನೆಯ ಮೇಜುಗಳು, ಉತ್ತರಕ್ಕೆ ದೊಡ್ಡ ಕಿಟಕಿ, ಗೋಡೆಯಲ್ಲಿ ಒಣಗಿದ ಬಣ್ಣದ ಚುಕ್ಕೆಗಳು, ಮೇಜುಗಳ ಮೇಲೆ ಮುರಿದ ಕುರ್ಚಿಗಳ ರಾಶಿ. ಚಿತ್ರದ ಮೇಷ್ಟ್ರು ನಿವೃತ್ತರಾಗಿ ಆರು ವರ್ಷವಾಗಿತ್ತು. "ಆ ಜಾಗಕ್ಕೆ ಬರೋರಿಲ್ಲ. ಬರೋರಿಗೆ ಬೇಕಾದ ಓದಿಲ್ಲ" ಎಂದರು ಮುಖ್ಯೋಪಾಧ್ಯಾಯಿನಿ. ಆ ಕಿಟಕಿಯ ಬೆಳಕು ಟಚಪ್ ಅಕ್ಕನ ತಲೆ ಬಿಟ್ಟು ಹೋಗಲಿಲ್ಲ. ಹರೆಯದಲ್ಲಿ ಚಿತ್ರಕಲೆಯಲ್ಲಿ ಒಂದು ಪದವಿ ಮಾಡಿದ್ದಳು, ಪ್ರಮಾಣಪತ್ರ ಸೀರೆಗಳ ಅಡಿಯಲ್ಲಿ ಮಲಗಿತ್ತು. ಆ ಕೆಲಸಕ್ಕೆ ಈಗ ಬೇಕಾದದ್ದು ಕಲಾ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ, ಎರಡು ವರ್ಷದ್ದು. ಆಕೆಗೆ ಆಗ ನಲವತ್ತಮೂರು.

"ಓದು" ಎಂದ ಗಂಡ. "ಆದ್ರೆ ಹೋಂವರ್ಕ್ ಮಾಡ್ಕೊಡು ಅಂತ ನನ್ನ ಹತ್ರ ಬರ್ಬೇಡ."

ಸ್ಟುಡಿಯೋದ ಮಾಲೀಕರು ಮಧ್ಯಾಹ್ನದ ತನಕ ಕಾಲೇಜಿಗೆ ಬಿಟ್ಟುಕೊಟ್ಟರು. ತರಗತಿಯಲ್ಲಿ ಇದ್ದ ಹದಿನಾರು ಮಂದಿಯಲ್ಲಿ ಹದಿನೈದು ಮಂದಿಗೆ ಆಕೆಯ ಅರ್ಧ ವಯಸ್ಸು. ಮೊದಲ ದಿನ ಆಕೆ ಒಳಗೆ ಕಾಲಿಟ್ಟಾಗ ಅವರೆಲ್ಲ ಉಪನ್ಯಾಸಕರು ಬಂದರೆಂದು ಎದ್ದು ನಿಂತರಂತೆ. ಆಕೆಯೂ ಗಾಬರಿಯಲ್ಲಿ ಕೂತ್ಕೊಳ್ಳಿ ಎಂದುಬಿಟ್ಟಳಂತೆ. ವಾರದೊಳಗೆ ಅವರ ಬಾಯಲ್ಲೂ ಟಚಪ್ ಅಕ್ಕ ಆದಳು, ಅವರ ಅರ್ಜಿಗಳಿಗೆಲ್ಲ ಫೋಟೋ ಆಕೆಯ ಸ್ಟುಡಿಯೋದಿಂದಲೇ.

ಓದು ಆಕೆಗೆ ಒಗ್ಗಿತು. ಮಗು ಮೊದಲು ಗೀಚುತ್ತದೆ, ಆಮೇಲೆ ದುಂಡಗೆ ಸುತ್ತುತ್ತದೆ, ಒಂದು ದಿನ ಆ ಸುತ್ತಿಗೆ ಎರಡು ಕಣ್ಣಿಟ್ಟು ಅಮ್ಮ ಅನ್ನುತ್ತದೆ. ಇದನ್ನೆಲ್ಲ ಪುಸ್ತಕದಲ್ಲಿ ಓದಿ, ತರಕಾರಿ ಹೆಚ್ಚುತ್ತ ಅತ್ತೆಗೆ ಒಪ್ಪಿಸುತ್ತಿದ್ದಳು. "ಇದಕ್ಕೂ ಪುಸ್ತಕ ಬೇಕಾ? ನಾಲ್ಕು ಹೆತ್ತೋಳ್ನ ಕೇಳಿದ್ರೆ ಸಾಲ್ದಾ?" ಎನ್ನುತ್ತಿದ್ದರು ಅತ್ತೆ, ಆದರೆ ಕಿವಿ ಕೊಟ್ಟೇ ಕೇಳುತ್ತಿದ್ದರು. ಮಗುವಿನ ಚಿತ್ರವನ್ನು ಶಿಕ್ಷಕರು ತಿದ್ದಬಾರದು ಯಾಕೆ ಎಂಬ ವಿಷಯಕ್ಕೆ ಆಕೆ ಬರೆದ ಹನ್ನೆರಡು ಪುಟದ ಪ್ರಬಂಧಕ್ಕೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂತು.

ಬರೆಯುವುದೇ ಬೇರೆ, ಕೈ ಕಟ್ಟಿ ನಿಲ್ಲುವುದೇ ಬೇರೆ ಎಂದು ತಿಳಿದದ್ದು ಎರಡನೇ ವರ್ಷ, ತರಬೇತಿಯ ಪಾಠ ಮಾಡಲು ಅದೇ ಶಾಲೆಗೆ ಹೋದಾಗ. ಮೊದಲ ಪಾಠ, ಮೇಜಿನ ಮೇಲಿಟ್ಟ ಹೂಜಿ. ಬೆಂಚುಗಳ ನಡುವೆ ಓಡಾಡುತ್ತ, "ಇಲ್ಲಿ ಒಂಚೂರು, ಇಲ್ಲಿ ಒಂದೇ ಒಂದು ಗೆರೆ" ಎಂದು ಬಗ್ಗಿದಳು, ಮತ್ತೆ ಬಗ್ಗಿದಳು. ಕಾಲೇಜಿನ ಮಾರ್ಗದರ್ಶಕಿ, ದಪ್ಪ ಕನ್ನಡಕದ ಮಿತಭಾಷಿ ಮೇಡಂ, ಸಂಜೆ ಚಿತ್ರಗಳನ್ನು ಉದ್ದಕ್ಕೆ ಹರಡಿದರು. ಮೂವತ್ತನಾಲ್ಕು ಹೂಜಿಗಳು, ಒಂದೇ ತಾಯಿ ಹೆತ್ತವು.

"ಬರ್ದಿದ್ದು ಮಕ್ಕಳಾ, ನೀವಾ?"

ಟಚಪ್ ಅಕ್ಕ ಕೈಯಲ್ಲಿದ್ದ ಪೆನ್ಸಿಲನ್ನು ಚೀಲಕ್ಕೆ ಹಾಕಿದಳು.

"ಕೊನೆಯ ಪಾಠಕ್ಕೆ ಹೊರಗಿನ ಪರೀಕ್ಷಕರು ಬರ್ತಾರೆ. ಆಗ್ಲೂ ಹೀಗೇ ಆದ್ರೆ ನಾನು ಪಾಸ್ ಮಾಡಕ್ಕಾಗಲ್ಲ. ಇನ್ನೊಂದು ವರ್ಷ ಕೂತ್ಕೋಬೇಕು. ಅಷ್ಟರಲ್ಲಿ ಆ ಚಿತ್ರದ ಕೋಣೆ ಇನ್ಯಾರಿಗೋ ಹೋಗಿರುತ್ತೆ."

ಆ ಮಾತು ನಾಟಿತು. ಅಂದಿನಿಂದ ತರಗತಿಯಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಡೆಯತೊಡಗಿದಳು. ಮಕ್ಕಳು ಪೊಲೀಸ್ ಮಿಸ್ ಎಂದು ಹೆಸರಿಟ್ಟರು. ಹೆಸರಿಗೇನು, ಆಕೆಗೆ ಒಂದರ ಮೇಲೊಂದು ಅಂಟುತ್ತಲೇ ಬಂದಿವೆ. ಹದಿನೆಂಟು ಪಾಠ ಹಾಗೇ ಸಲೀಸಾಗಿ ಮುಗಿದವು.

ಕೊನೆಯ ಪಾಠ ಎರಡು ದಿನದ್ದು. ಮೊದಲ ದಿನ ಆರನೇ ತರಗತಿಯವರು ಮನೆಯ ಒಬ್ಬರ ಮುಖವನ್ನು ನೆನಪಿನಿಂದ ಬರೆಯಬೇಕು. ಮಾರನೇ ದಿನ, ಪರೀಕ್ಷಕರ ಎದುರು, ಗೋಡೆಗೆ ಹಚ್ಚಿದ ಚಿತ್ರದ ಪಕ್ಕ ನಿಂತು ಪ್ರತಿಯೊಬ್ಬರೂ ನಾಲ್ಕು ಮಾತು ಹೇಳಬೇಕು. ಬರೆಯುವ ದಿನ ಆಕೆಯ ಕೈ ಬೆನ್ನ ಹಿಂದಿನಿಂದ ಕದಲಲಿಲ್ಲ. ಸಂಜೆ ಹಾಳೆಗಳನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಒಂದೊಂದನ್ನೇ ದಪ್ಪ ಕಾಗದಕ್ಕೆ ಅಂಟಿಸಲು ಕೂತಳು. ಅತ್ತೆ ಎದುರು ಕೂತು ಪಕ್ಕದ ಮನೆಯವರ ಹೊಸ ನಾಯಿಯ ಪುರಾಣ ತೆಗೆದರು. ಮಾತಿಗೆ ಹ್ಞೂಂಗುಟ್ಟುತ್ತ ಅಂಟಿಸುತ್ತಿದ್ದವಳ ಕೈಗೆ ರಬ್ಬರು ಯಾವಾಗ ಬಂತೋ ಆಕೆಗೇ ಗೊತ್ತಿಲ್ಲ. ಇಲ್ಲೊಂದು ಬೆರಳಿನ ಮಸಿ, ಅಲ್ಲೊಂದು ಎರಡೆರಡು ಸಲ ಎಳೆದ ಗೆರೆ, ಒಂದು ಕೆನ್ನೆಯ ಮೇಲೆ ಕರ್ರಗೆ ಉಜ್ಜಿದ ಚುಕ್ಕೆ.

"ಏನೇ ಅದು, ಉಜ್ತಾನೇ ಇದೀಯಲ್ಲ?" ಎಂದರು ಅತ್ತೆ.

"ಧೂಳು ಅತ್ತೆ. ಗೋಡೆಗೆ ಹಾಕ್ಬೇಕಲ್ಲ, ಸ್ವಲ್ಪ ಚೊಕ್ಕಟ ಇರ್ಲಿ ಅಂತ."

ಅತ್ತೆ ಗೋಡೆಯವಳತ್ತ ಒಮ್ಮೆ ಕಣ್ಣು ಹಾಯಿಸಿ ನಾಯಿಯ ಕಥೆಗೆ ಮರಳಿದರು.

ಮಾರನೇ ದಿನ ಹಿಂದಿನ ಬೆಂಚಿನಲ್ಲಿ ಮೇಡಂ, ಅವರ ಪಕ್ಕ ಹೊರಗಿನ ಪರೀಕ್ಷಕರು, ಮೊಣಕಾಲ ಮೇಲೆ ಅಂಕದ ಹಾಳೆ ಇಟ್ಟುಕೊಂಡ ಹಿರಿಯರು. ಪಾಠ ಚೆನ್ನಾಗಿಯೇ ಹೊರಟಿತು. ಅಜ್ಜಿಯ ಮೂಗು, ಅಣ್ಣನ ಹಲ್ಲು, ಚಿಕ್ಕಮ್ಮನ ಗುಂಗುರು ಕೂದಲು ಎಂದು ಏಳೆಂಟು ಮಕ್ಕಳು ಹೇಳಿದರು, ನಗು ಬಂತು. ಆಮೇಲೆ ಎರಡು ಜಡೆಯ, ಮಾತು ಕಡಿಮೆಯ ಹುಡುಗಿಯ ಸರದಿ. ಗೋಡೆಯ ಹತ್ತಿರ ಹೋಗಿ ಚಿತ್ರವನ್ನು ನೋಡಿದಳು. ನೋಡುತ್ತಲೇ ನಿಂತಳು.

"ಹೇಳು ಮರಿ, ಯಾರಿದು?"

"ಇದು ನಮ್ಮಪ್ಪ ಅಲ್ಲ ಮಿಸ್."

ಹಿಂದಿನ ಬೆಂಚಿನಲ್ಲಿ ಪೆನ್ನು ನಿಂತಿತು.

"ನಮ್ಮಪ್ಪಂಗೆ ಇಲ್ಲೊಂದು ಗುರುತಿದೆ" ಎಂದು ಹುಡುಗಿ ತನ್ನ ಕೆನ್ನೆ ಮುಟ್ಟಿ ತೋರಿಸಿದಳು. "ವೆಲ್ಡಿಂಗ್ ಮಾಡ್ವಾಗ ಕಿಡಿ ಹಾರಿದ್ದು. ನಗುವಾಗ ಅದು ಕಣ್ಣಿನ ಹತ್ರ ಹೋಗುತ್ತೆ. ನಾನು ಮೂರು ಸಲ ಅಳಿಸಿ ಸರಿಯಾದ ಜಾಗಕ್ಕೆ ಹಾಕಿದ್ದೆ. ಈಗ ಇಲ್ಲ."

ಹೇಳಿ ತಪ್ಪಿಸಿಕೊಳ್ಳಲು ದಾರಿಗಳಿದ್ದವು. ಅಂಟಿಸುವಾಗ ಉಜ್ಜಿಹೋಗಿರಬೇಕು ಎನ್ನಬಹುದಿತ್ತು, ನೀನೇ ಮರೆತಿದ್ದೀಯ ಎನ್ನಬಹುದಿತ್ತು, ಮಗು ನಂಬಿಯೂ ಬಿಡುತ್ತಿತ್ತೇನೋ. ಉತ್ತರದ ಕಿಟಕಿ, ಮುರಿದ ಕುರ್ಚಿಗಳು, ಎರಡು ವರ್ಷದ ಓದು ಎಲ್ಲ ಒಟ್ಟಿಗೆ ಕಣ್ಣೆದುರು ಬಂದವು. ಆದರೆ ಹುಡುಗಿ ಆ ಖಾಲಿ ಕೆನ್ನೆಯನ್ನೇ ನೋಡುತ್ತಿದ್ದಳು.

"ಅಳಿಸಿದ್ದು ನಾನು" ಎಂದಳು ಟಚಪ್ ಅಕ್ಕ. ದನಿ ಸಣ್ಣದಾಗಿತ್ತು. "ನಿನ್ನೆ ಮನೇಲಿ. ಮಸಿ ಅಂದ್ಕೊಂಡೆ. ನಿನ್ನನ್ನ ಒಂದು ಮಾತು ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ತಪ್ಪಾಯ್ತು ಮರಿ."

ಒಮ್ಮೆಲೇ ಎಲ್ಲರೂ ಎದ್ದರು. "ಮಿಸ್ ನಂದೂ ಅಳಿಸಿದೀರಾ?" "ನಮ್ಮಜ್ಜಿ ಗಡ್ಡ ಎಲ್ಲಿ ಮಿಸ್?" ಗೋಡೆಯ ಮುಂದೆ ಸಂತೆ. ಆಕೆ ತಾನು ಬರೆದು ತಂದಿದ್ದ ಪಾಠಯೋಜನೆಯನ್ನು ಮಡಚಿ ಮೇಜಿನ ಮೇಲಿಟ್ಟಳು. ಚಿತ್ರಗಳನ್ನು ಗೋಡೆಯಿಂದ ಬಿಡಿಸಿಕೊಳ್ಳಿ, ಏನು ಹೋಗಿದೆ ಹುಡುಕಿ, ಬೇಕಾದ್ದನ್ನು ವಾಪಸ್ ಹಾಕಿ, ಯಾಕೆ ಬೇಕು ಅಂತ ಪಕ್ಕದವರಿಗೆ ಹೇಳಿ ಎಂದಳು. ಮಕ್ಕಳು ಹಾಳೆಗೆ ಮೂಗು ತಾಗಿಸಿ ಕೂತರು. ಅಮ್ಮನ ಹಣೆಯ ಮೂರು ಗೆರೆ ಬಂತು, ಅವು ಲೆಕ್ಕ ಹೇಳಿಕೊಡುವಾಗ ಮಾತ್ರ ಬರುವುದಂತೆ. ಅಜ್ಜಿಯ ಗಡ್ಡದ ಎರಡು ಕೂದಲೂ ಬಂದವು. ಒಬ್ಬ ಹುಡುಗ ಮಾತ್ರ ಎದ್ದು, "ಮಿಸ್, ನಂದ್ರಲ್ಲಿ ಹೋಗಿದ್ದು ನಿಜವಾಗ್ಲೂ ಮಸೀನೇ, ಥ್ಯಾಂಕ್ಸ್" ಎಂದ.

ಎರಡು ಜಡೆಯವಳು ತನ್ನ ಹಾಳೆ, ಪೆನ್ಸಿಲ್ ಎರಡನ್ನೂ ತಂದು ಆಕೆಯ ಮುಂದೆ ಹಿಡಿದಳು. "ಅಳಿಸಿದ್ದು ನೀವು. ನೀವೇ ಹಾಕ್ಕೊಡಿ."

ಹತ್ತೊಂಬತ್ತು ವರ್ಷದ ಕೈ ತುಡಿಯಿತು. ಎಲ್ಲಿ ಹಾಕಬೇಕು, ಎಷ್ಟು ಕಪ್ಪು, ಅಂಚು ಎಷ್ಟು ಮೆತ್ತಗೆ, ಬೆರಳುಗಳಿಗೆ ಎಲ್ಲ ಗೊತ್ತಿತ್ತು. ಟಚಪ್ ಅಕ್ಕ ಕೈಗಳನ್ನು ಬೆನ್ನ ಹಿಂದೆ ಒಂದರೊಳಗೊಂದು ಬಿಗಿಯಾಗಿ ಹಿಡಿದಳು.

"ನಿಮ್ಮಪ್ಪನ್ನ ನಾನು ನೋಡಿಲ್ಲ ಮರಿ. ನೋಡಿರೋಳು ನೀನು."

ಹುಡುಗಿ ಅಲ್ಲೇ ಮೇಜಿಗೆ ಒರಗಿ, ಅಪ್ಪ ನಗುವ ಹಾಗೆ ತಾನೂ ಕೆನ್ನೆ ಮೇಲೆತ್ತಿಕೊಂಡು, ಚುಕ್ಕೆಯನ್ನು ಕಣ್ಣಿನ ಹತ್ತಿರ ಕರ್ರಗೆ ಒತ್ತಿ ಹಾಕಿದಳು. "ಹ್ಞಾಂ, ಬಂದ್ರು" ಎಂದಳು.

ಗಂಟೆ ಹೊಡೆದ ಮೇಲೆ ಪರೀಕ್ಷಕರು ಆ ಚಿತ್ರದ ಮುಂದೆ ತುಂಬ ಹೊತ್ತು ನಿಂತಿದ್ದರು. ಅವರ ಹಾಳೆಯಲ್ಲಿ ಇದ್ದುದನ್ನು ಮೇಡಂ ನಾಲ್ಕು ದಿನ ಬಿಟ್ಟು ಓದಿ ಹೇಳಿದರು. ಪೂರ್ವಸಿದ್ಧತೆಗೆ ಐದಕ್ಕೆ ಒಂದು ಅಂಕ, ಮಕ್ಕಳ ಕೆಲಸವನ್ನು ಅನುಮತಿ ಇಲ್ಲದೆ ಅಳಿಸಲಾಗಿದೆ. ಕೆಳಗೆ ಇನ್ನೊಂದು ಸಾಲು: ಪಾಠದ ಅವಧಿಯಲ್ಲಿ ಮಗು ತಾನಾಗಿ ಹಾಳೆ ಕೊಟ್ಟರೂ ಶಿಕ್ಷಕಿ ಅದನ್ನು ಮುಟ್ಟಲಿಲ್ಲ, ಉತ್ತೀರ್ಣ. ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ರಬ್ಬರು ಮನೇಲೇ ಬಿಟ್ಟು ಬನ್ನಿ ಇನ್ಮೇಲೆ" ಎಂದರು. ಎರಡು ವರ್ಷದಲ್ಲಿ ಅವರು ಆಡಿದ ಒಂದೇ ತಮಾಷೆ ಅದು.

ಚಿತ್ರದ ಕೋಣೆಯ ಮುರಿದ ಕುರ್ಚಿಗಳು ಆ ಬೇಸಿಗೆಯಲ್ಲಿ ಹೊರಗೆ ಹೋದವು, ಟಚಪ್ ಅಕ್ಕ ಚಿತ್ರದ ಮಿಸ್ ಆಗಿ ಒಳಗೆ ಬಂದಳು. ಅದಕ್ಕೂ ಮೊದಲು, ಸ್ಟುಡಿಯೋದ ಕೊನೆಯ ದಿನ, ಟಚಪ್ ಅಕ್ಕ ಹಳೆಯ ನೆಗೆಟಿವ್‌ಗಳ ಡಬ್ಬಗಳನ್ನೆಲ್ಲ ಜಾಲಾಡಿ ಒಂದನ್ನು ಹುಡುಕಿ ತೆಗೆದು, ಯಾವುದನ್ನೂ ಮುಟ್ಟದೆ ಪ್ರಿಂಟ್ ಹಾಕಿದಳು. ಮನೆಗೆ ಬಂದು ನಡುಮನೆಯ ಕಟ್ಟು ಇಳಿಸಿ ಒಳಗಿನ ಫೋಟೋ ಬದಲಿಸಿದಳು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಸುಕ್ಕು ನೋಡಿದರು, ಮಚ್ಚೆ ನೋಡಿದರು, ತಮ್ಮ ಗಲ್ಲವನ್ನು ಒಮ್ಮೆ ತಡವಿಕೊಂಡರು.

"ಬಂದ್ಲಾ ಮಹಾತಾಯಿ" ಎಂದರು. "ಇಪ್ಪತ್ತು ವರ್ಷ ಎಲ್ಲಿ ಹೋಗಿದ್ಲೇ ಇವ್ಳು?"

"ನಾನೇ ಅಳಿಸಿದ್ದೆ ಅತ್ತೆ" ಎಂದಳು ಸೊಸೆ.

"ಗೊತ್ತು ಬಿಡು" ಎಂದರು ಅತ್ತೆ, ಕಟ್ಟು ನೆಟ್ಟಗೆ ಮಾಡುತ್ತ. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."