ಹನೂರಿನ ಜೋಡಿ ಗಿಳಿ ದೀಪ

ಯಳಂದೂರಿನಿಂದ ಮೊದಲ ಬಸ್ಸಿಗೆ ಹೊರಟಾಗ ನನ್ನ ಹೆಂಡತಿ ಸಾವಿತ್ರಿ ಬಾಗಿಲವರೆಗೂ ಬಂದು ಎಚ್ಚರಿಸಿದಳು: "ನಮ್ಮನೆ ದೀಪದಂಗೇ ಇರ್ಬೇಕು ಕಣ್ರಿ. ಒಸಿನೂ ಎಚ್ಚುಕಮ್ಮಿ ಆಗ್ಬಾರ್ದು." ಎಂಟು ದಿನಕ್ಕೆ ಮಗಳ ಮದುವೆ. ಅವಳ ಜೊತೆಗೆ ಕಳಿಸಲು ಜೋಡಿ ಗಿಳಿಯ ಹಿತ್ತಾಳೆ ದೀಪವನ್ನು ಹನೂರಿನ ಬಸವಾಚಾರಿಗೆ ಮೊದಲೇ ಹೇಳಿಟ್ಟಿದ್ದೆವು. ನಮ್ಮ ಮನೆಯ ದೀಪ ಮಾಡಿದ್ದು ಅವನ ಅಪ್ಪ ಅವ್ವ.

ದಾರಿಯಲ್ಲಿ ಮೈಸೂರು ಸೀಮೆ ಮುಗಿದು, ಕೊಳ್ಳೇಗಾಲ ಆಗಿನ್ನೂ ಸೇರಿದ್ದ ಮದ್ರಾಸು ಸೀಮೆ ಬಂತು. ಸರ್ಕಾರ ಬದಲಾಯಿತು, ರಸ್ತೆಯ ಗುಂಡಿಗಳು ಬದಲಾಗಲಿಲ್ಲ. ಕೊಳ್ಳೇಗಾಲದಲ್ಲಿ ಉಪ್ಪಿಟ್ಟು ತಿಂದು ಬೇರೆ ಬಸ್ಸು ಹತ್ತಿದೆ. ಕಾಮಗೆರೆಯಲ್ಲಿ ಇಂಜಿನ್ನಿಗೆ ನೀರು ಹುಯ್ಯಲು ಅರ್ಧ ಗಂಟೆ ನಿಲ್ಲಿಸಿದರು. ಹನೂರು ಮುಟ್ಟುವಾಗ ಬಿಸಿಲೇರಿತ್ತು.

ಬಸವಾಚಾರಿಯ ಕೊಟ್ಟಿಗೆಯಲ್ಲಿ ಕುಲುಮೆ ಉರಿಯುತ್ತಿತ್ತು. ಅವನ ಹೆಂಡತಿ ಗೌರಮ್ಮ ತಿದಿ ಒತ್ತುತ್ತಿದ್ದಳು. ದೀಪದ ಕಂಬ, ಬಟ್ಟಲು ಸಿದ್ಧವಾಗಿದ್ದವು. ಗಿಳಿಗಳು ಮಾತ್ರ ಇನ್ನೂ ಎರಡು ಮಣ್ಣುಂಡೆಗಳ ಒಳಗಿದ್ದವು.

"ಮದ್ವೆ ದೀಪಕ್ಕೆ ಒಂದು ಕಟ್ಲೆ ಐತೆ ಸಾ," ಎಂದ ಬಸವಾಚಾರಿ. "ಗಂಡು ಗಿಣಿನ ಅವ್ಳು ಮೇಣದಲ್ಲಿ ತಿದ್ಬೇಕು, ಎಣ್ ಗಿಣಿನ ನಾನು. ಅವರವ್ರುದ್ಕೆ ಅವರವ್ರೇ ಮಣ್ಣು ಮೆತ್ಬೇಕು. ಒಬ್ರುದ್ನ ಒಬ್ರು ನೋಡಂಗಿಲ್ಲ."

ನೋಡದೆ ಮಾಡಿದರೆ ಎರಡೂ ಒಂದೇ ಥರ ಆಗುವುದು ಹೇಗೆ? ಮತ್ತೆ ಮಾಡಿಸಲು ದಿನವೆಲ್ಲಿದೆ?

ಮೂಸೆಯಲ್ಲಿ ಕರಗಿದ ಹಿತ್ತಾಳೆಯ ಬಣ್ಣ ನೋಡಿ ಗೌರಮ್ಮ "ಊಂ" ಎಂದಳು. ಬಸವಾಚಾರಿ ಇಕ್ಕಳದಲ್ಲಿ ಎತ್ತಿ, ಮೇಣ ಕರಗಿ ಹೋಗಿದ್ದ ಅಚ್ಚುಗಳಿಗೆ ಸುರಿದ. ಆರಿದ ಮೇಲೆ ಮಣ್ಣು ಒಡೆದರು. ಹೆಣ್ಣು ಗಿಳಿಗೆ ಗುಡಾಣದಂಥ ಹೊಟ್ಟೆ, ಗಂಡು ಗಿಳಿಗೆ ಸೊಟ್ಟ ಕೊಕ್ಕು.

"ಇಷ್ಟ್ ದಪ್ಪ ಇದ್ದೀನಾ ನಾನು?" ಎಂದು ಗೌರಮ್ಮ ಸೊಂಟಕ್ಕೆ ಕೈಯಿಟ್ಟಳು.

"ನೀ ಮಾಡಿರೋ ಮೂಗು ಯಾರ್ದು, ಅದ್ನೇಳು ಮೊದ್ಲು!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಭಯದಲ್ಲಿದ್ದ ನನಗೂ ನಗು ತಡೆಯಲಾಗಲಿಲ್ಲ. ಊಟಕ್ಕೆ ಮುದ್ದೆ, ಅವರೆಕಾಳು ಸಾರು ಬಡಿಸಿದರು. ಮಧ್ಯಾಹ್ನ ಎರಡರ ಹೊತ್ತಿಗೆ ಗಿಳಿಗಳನ್ನು ಅರ ಹಾಕಿ ನುಣುಪು ಮಾಡಿ, ದೀಪಕ್ಕೆ ಕೂರಿಸಿಕೊಟ್ಟರು.

ಬಸ್ಸಿನಲ್ಲಿ ದೀಪ ತೊಡೆಯ ಮೇಲಿತ್ತು. ಸಾವಿತ್ರಿಗೆ ಹೇಳಬೇಕಾದ ಸಮಜಾಯಿಷಿಯನ್ನು ಕೊಳ್ಳೇಗಾಲದವರೆಗೂ ಬಾಯಿಪಾಠ ಮಾಡಿದೆ. ಅಲ್ಲಿಂದಾಚೆ ಅದನ್ನು ತಿದ್ದಿದೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಸಾವಿತ್ರಿ ಹೊಸ ದೀಪವನ್ನು ಹಳೆಯದರ ಪಕ್ಕಕ್ಕಿಟ್ಟು, ಬಗ್ಗಿ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ, "ಸರಿಯಾಗೈತೆ," ಎಂದಳು.

ನಾನೂ ಬಗ್ಗಿದೆ. ನಮ್ಮ ಹಳೆಯ ದೀಪದಲ್ಲಿ ಒಂದು ಗಿಳಿ ಗಿಡ್ಡ, ಕಿವಿಯ ಹತ್ತಿರ ಒಂದು ಮಚ್ಚೆ. ಇನ್ನೊಂದು ಕತ್ತು ನೀಳ ಮಾಡಿಕೊಂಡು ಅದನ್ನೇ ನೋಡುತ್ತಿದೆ. ಬಸವಾಚಾರಿಯ ಅಪ್ಪ ಅವ್ವನೂ ಒಬ್ಬರನ್ನೊಬ್ಬರು ತಿದ್ದಿದ್ದರು.

"ಇಪ್ಪತ್ತು ವರ್ಸದಿಂದ ಇಲ್ಲೇ ಅದೆ," ಎಂದಳು ಸಾವಿತ್ರಿ. "ದಿನಾ ದೀಪ ಅಚ್ಚೋಳು ನಾನು. ನೀವೆಲ್ ನೋಡೀರಿ?"

ಆಕೆ ಕೈಗೆತ್ತಿಕೊಂಡಿದ್ದ ಕಡ್ಡಿಪೆಟ್ಟಿಗೆಯನ್ನು ನಾನು ಇಸಿದುಕೊಂಡೆ.