ಉಲ್ಕೆಗಳ ನಡುವಿನ ಹೊತ್ತು

ನಮ್ಮ ವಿಜ್ಞಾನದ ಮೇಷ್ಟ್ರಿಗೆ ಕತ್ತು ಮೇಲಕ್ಕೆತ್ತಲು ಆಗುತ್ತಿರಲಿಲ್ಲ. ಹುಣಸೂರು ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದ ಮೇಲೆ ಅದು ಸೆಟೆದುಕೊಂಡೇ ಉಳಿದಿತ್ತು. ಯಾರಾದರೂ ಕೂಗಿದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಆದರೂ ಆಕಾಶ ನೋಡುವುದನ್ನು ಬಿಡಲಿಲ್ಲ. ಬೆಟ್ಟದಪುರದ ತಮ್ಮ ಮನೆಯ ತಾರಸಿಯಲ್ಲಿ ಚಾಪೆ ಹಾಸಿ ಅಂಗಾತ ಮಲಗುತ್ತಿದ್ದರು.

ನಾನು ಅವರು ಕಲಿಸುತ್ತಿದ್ದ ಶಾಲೆಗೇ ಗಣಿತ ಕಲಿಸಲು ಹೊಸದಾಗಿ ಸೇರಿದ್ದೆ. ಒಂದು ದಿನ ಕೇಳಿದರು: "ಉಲ್ಕೆ ಸುರೀತವಲ್ಲ, ಅದನ್ನ ಹುಟ್ಟಿಸೋ ಧೂಳು ಅಲ್ಲಿ ಮೇಲೆ ಎಲ್ಲಾ ಕಡೆ ಹರಡ್ಕೊಂಡೈತೋ, ಗುಂಪುಗುಂಪಾಗೈತೋ? ಎಂಗೆ ಅಳೀತೀಯಮ್ಮ?"

ನಾನು ಯೋಚಿಸುತ್ತಿರುವಾಗ ಅವರೇ ಹೇಳಿದರು:

"ಭೂಮಿ ಆ ಧೂಳಿನೊಳಗೆ ಸೆಕೆಂಡಿಗೆ ಮೂವತ್ತು ಕಿಲೋಮೀಟರ್ ಓಡ್ತದೆ. ಒಂದು ಉಲ್ಕೆ ಕಂಡು ಇನ್ನೊಂದು ಕಾಣೋಕೆ ಎಷ್ಟು ಸೆಕೆಂಡು ಅಂತ ಬರ್ಕೊಂಡೋದ್ರೆ ಗೊತ್ತಾಗ್ತದೆ ಕಣಮ್ಮ."

ಗುಂಪಾಗಿಯೇ ಇರುತ್ತದೆ ಎಂಬುದು ಅವರ ಬಹುಕಾಲದ ನಂಬಿಕೆ.

ಡಿಸೆಂಬರಿನಲ್ಲಿ ಉಲ್ಕೆಗಳು ಹೆಚ್ಚಾಗಿ ಬೀಳುವ ರಾತ್ರಿ ಅವರು ಬೆಟ್ಟದಪುರದಲ್ಲಿ, ನಾನು ಕಾಡಂಚಿನ ಎನ್. ಬೇಗೂರಿನ ತವರಿನಲ್ಲಿ ಎಣಿಸಿದೆವು. ಬೆಳಗಿನ ಜಾವ ನನಗೆ ಜೊಂಪು ಹತ್ತಿತು. ಎಚ್ಚರವಾದಾಗ ಅರ್ಧ ಗಂಟೆ ಕಳೆದಿತ್ತು. ನಾಚಿಕೆಯಾಗಿ, ಆ ಹೊತ್ತಿನ ಸಾಲುಗಳನ್ನು ಅಂದಾಜಿನ ಮೇಲೆ ತುಂಬಿಸಿಬಿಟ್ಟೆ.

ಸೋಮವಾರ ಮೇಷ್ಟ್ರು ನನ್ನ ಹಾಳೆಯ ಮೇಲೆ ಬೆರಳಿಟ್ಟರು. "ಇಲ್ಲಿ ನಿದ್ದೆ ಬಂತಾ?"

"ಹೇಗೆ ಗೊತ್ತಾಯ್ತು ಸಾರ್?"

"ನಿಮಿಷಕ್ಕೊಂದರಂಗೆ ಸಾಲಾಗಿ ನಿಂತವೆ. ನಿಜವಾದ ಉಲ್ಕೆ ಇಷ್ಟು ಶಿಸ್ತಾಗಿ ಬರಕಿಲ್ಲ. ಸುಮ್ಮನೆ ತಮ್ಮಷ್ಟಕ್ಕೆ ಬಂದ್ರೂ ಒಂದ್ಸಲ ಮೂರು ಒಟ್ಟಿಗೆ ಬೀಳ್ತವೆ, ಒಂದ್ಸಲ ಒಂದೂ ಇಲ್ಲ."

ಗದರಲಿಲ್ಲ. ಪೆನ್ನು ಕೊಟ್ಟು, "ಮಲಗಿದ್ದೆ ಅಂತ ಬರಿ. ಖಾಲಿ ಬುಟ್ರೆ ಲೆಕ್ಕ ಕೆಡಲ್ಲ, ಸುಳ್ಳು ಬರೆದ್ರೆ ಕೆಡ್ತದೆ" ಎಂದರು.

ಆಮೇಲಿನ ಮೂರು ವರ್ಷ ಹಟ ಹಿಡಿದು ಎಣಿಸಿದೆ. ಮೋಡ ಕವಿದರೆ ಮೋಡ ಎಂದು, ಆನೆ ಬಂತೆಂದು ನಾನು ಒಳಗೋಡಿದ್ದರೆ ಅದನ್ನೂ ಬರೆದೆ. ಎಲ್ಲ ಹಾಳೆಗಳನ್ನು ಸೇರಿಸಿ ನೋಡಿದಾಗ ತಮ್ಮಷ್ಟಕ್ಕೆ ಬಿದ್ದರೆ ಆಗುವುದನ್ನು ಮೀರಿದ ಗುಂಪಿನ ಸುಳಿವೇ ಇರಲಿಲ್ಲ. ಮೇಷ್ಟ್ರು ಹಾಳೆಗಳನ್ನು ಮತ್ತೊಮ್ಮೆ ಮೊದಲಿಂದ ತಿರುವಿ ನೋಡಿದರು.

"ಇನ್ನೊಂದು ವರ್ಷ ನೋಡೋಣವೇ ಸಾರ್?"

"ನೋಡಾಣ. ಆದ್ರೆ ಇದನ್ನ ಈಗ್ಲೇ ಬರೆದು ಕಳಿಸು. ಗುಂಪು ಕಾಣ್ಲಿಲ್ಲ, ನಾನು ಅಂದ್ಕೊಂಡಿದ್ದು ತಪ್ಪು ಅಂತ."

ಖಗೋಳ ಆಸಕ್ತರ ಪತ್ರಿಕೆಯೊಂದಕ್ಕೆ ಹಾಗೆಯೇ ಕಳಿಸಿದೆವು. ಮುಂದಿನ ಡಿಸೆಂಬರು ಅವರಿಗೆ ಸಿಗಲಿಲ್ಲ, ನವೆಂಬರಿನಲ್ಲಿ ತೀರಿಕೊಂಡರು.

ಆ ಸಲ ಎಣಿಸುವುದೇ ಬೇಡವೆಂದು ಸುಮ್ಮನಿದ್ದೆ. ಮೇಷ್ಟ್ರ ಹೆಂಡತಿಯೇ ಫೋನ್ ಮಾಡಿದರು. "ಇವತ್ತಲ್ವೇನವ್ವಾ ಉಲ್ಕೆ? ಬತ್ತೀಯ ತಾನೆ? ನೀ ನೋಡ್ಕೊಂಡು ಹೇಳು, ನಾ ಟೈಮು ಬರ್ಕತೀನಿ."

ಸಂಜೆಯ ಬಸ್ಸಿಗೆ ಹೊರಟೆ. ಬೆಳಗಾಗುವವರೆಗೆ ನಾವಿಬ್ಬರೂ ಎಣಿಸಿದೆವು.